ಹೊನ್ನವ್ವ ತುಂಬಿದ ಸಾಲು

ಹತ್ತಿಮತ್ತೂರಿನ ಹೊನ್ನವ್ವ ಹೊಲದ ಕಸ ತೆಗೆಯುವುದನ್ನು ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಉಳಿದ ಹೆಂಗಸರು ಕುಕ್ಕರಗಾಲಲ್ಲಿ ಕೂತು, ಮಾತಾಡುತ್ತ, ಸಾಲಿನುದ್ದಕ್ಕೂ ಮೆಲ್ಲಗೆ ಮುಂದೆ ಹೋಗುತ್ತಿದ್ದರೆ ಹೊನ್ನವ್ವ ಸಾಲಿಗೆ ಇಳಿಯುತ್ತಿದ್ದದ್ದು ಹೊಡೆದಾಟಕ್ಕೆ ಇಳಿದ ಹಾಗೆ. ಅಂಗೈ ಅಗಲದ ಅಲಗಿನ ಕುರಪಿಯನ್ನು ಜೇಕು ಹುಲ್ಲಿನ ಬುಡಕ್ಕೆ ಓರೆಯಾಗಿ ಹೊಡೆದು, ಮಣ್ಣೊಳಗಿನ ಗಡ್ಡೆ ಸಿಗುವವರೆಗೆ ಬಗೆದು, ಕಿತ್ತು, ಬದುವಿನ ಕಲ್ಲಿಗೆ ಅಪ್ಪಳಿಸುತ್ತಿದ್ದಳು. ಕರಿಕೆಯ ಬಳ್ಳಿ ಸಿಕ್ಕರೆ ಎಡಗೈಗೆ ಸುತ್ತಿಕೊಂಡು ಕರುಳು ಎಳೆದ ಹಾಗೆ ಎಳೆಯುತ್ತಿದ್ದಳು. ಅವಳು ದಾಟಿಹೋದ ಸಾಲಿನಲ್ಲಿ ಕಿತ್ತ ಬೇರುಗಳು ಬಿಸಿಲಿಗೆ ಬಾಯಿಬಿಟ್ಟುಕೊಂಡು ಬಿದ್ದಿರುತ್ತಿದ್ದವು. ಅವಳ ಓರಗೆಯ ರೋಶನಬಿ, ಹೊನ್ನಕ್ಕನ ಕೈಗೆ ಸಿಕ್ಕ ಕಸ ಮುಂದಿನ ಜನ್ಮದಲ್ಲಿ ಸವಣೂರು ತಾಲೂಕಿನಲ್ಲಂತೂ ಹುಟ್ಟುವುದಿಲ್ಲ ಎಂದು ನಗುತ್ತಿದ್ದಳು.

ಈ ಕೈ ಅವಳಿಗೆ ತಾಯಿಯಿಂದ ಬಂದದ್ದು. ಹೊನ್ನವ್ವ ಹುಟ್ಟಿದ್ದು ಹಾನಗಲ್ ಕಡೆಯ ಹಳ್ಳಿಯಲ್ಲಿ, ಭತ್ತದ ಗದ್ದೆಗಳ ನಡುವೆ. ತಾಯಿ ತಿಪ್ಪವ್ವ ನಾಟಿ ಹೆಂಗಸರ ಮುಂದಾಳು. ಸಸಿ ಊರುವ ಸಾಲಿನಲ್ಲಿ ಒಂದು ಜಾಗ ಖಾಲಿ ಬಿಟ್ಟರೂ ತಿಪ್ಪವ್ವನ ಕೈ ಮಾತಿಗಿಂತ ಮೊದಲು ಬರುತ್ತಿತ್ತು. ಖಾಲಿ ಜಾಗವೆಂದರೆ ಕಸಕ್ಕೆ ತೆರೆದಿಟ್ಟ ಬಾಗಿಲು, ಅದನ್ನು ಬಿಟ್ಟು ಮುಂದೆ ಹೋಗುವವಳು ಮನೆಯ ಬಾಗಿಲು ತೆರೆದಿಟ್ಟು ಮಲಗುವವಳಿಗೆ ಸಮ ಎಂಬುದು ಅವಳ ಲೆಕ್ಕ. ಒಮ್ಮೆ ಆಟದ ಗುಂಗಿನಲ್ಲಿ ಖಾಲಿ ಬಿಟ್ಟುಹೋದ ಹೊನ್ನವ್ವನ ಕತ್ತು ಹಿಡಿದು, ಆ ಜಾಗದಲ್ಲೇ ಮುಖವನ್ನು ಕೆಸರಿಗೆ ಒತ್ತಿದ್ದಳು. ಮೂಗಿನೊಳಗೆ ಕೆಸರು, ಕಿವಿಯೊಳಗೆ ತಾಯಿಯ ಬಳೆಯ ಸದ್ದು. ಉಸಿರು ಸಿಕ್ಕಾಗ ಹುಡುಗಿ ಅಳಲಿಲ್ಲ. ಒಂದು ಸಸಿ ತೆಗೆದು ಅಲ್ಲಿ ಊರಿದಳು. ಅಂದಿನಿಂದ ಖಾಲಿ ಜಾಗದ ಮುಂದೆ ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು.

ಹತ್ತಿಮತ್ತೂರಿಗೆ ಸೊಸೆಯಾಗಿ ಬಂದಮೇಲೆ ಗಂಡ ನೀಲಪ್ಪ ಒಂದೇ ಒಂದು ಸಲ ಅವಳ ಮೇಲೆ ಬಾರುಕೋಲು ಎತ್ತಿದ್ದ. ಅವಳು ಅದನ್ನು ಕಸಿದುಕೊಂಡು, ಅವನು ಎಷ್ಟು ಹೊಡೆದಿದ್ದನೋ ಅಷ್ಟನ್ನೇ, ಒಂದೂ ಹೆಚ್ಚಿಲ್ಲದೆ ವಾಪಸು ಕೊಟ್ಟಳು. ಆಮೇಲೆ ಇಬ್ಬರೂ ಎದುರುಬದುರು ಕೂತು ರೊಟ್ಟಿ ತಿಂದರು. ಆ ಮನೆಯಲ್ಲಿ ಮತ್ತೆ ಯಾರೂ ಯಾರ ಮೇಲೂ ಕೈ ಎತ್ತಲಿಲ್ಲ. ನೀಲಪ್ಪ ಎಮ್ಮೆಗಳನ್ನು ನೋಡಿಕೊಂಡು ತಣ್ಣಗಿದ್ದುಬಿಟ್ಟ. ಹೊನ್ನವ್ವ ತನ್ನ ಸಿಟ್ಟನ್ನೆಲ್ಲ ಹೊಲಕ್ಕೆ ಒಯ್ದಳು. ಊರಿನ ಹೆಣ್ಣಾಳುಗಳು ಒಬ್ಬೊಬ್ಬರಾಗಿ ಅವಳ ಹಿಂದೆ ಕೂಡಿ ಗುಂಪಾಯಿತು. ಸೊಸೆ ಸುನಿತಾ ಕೂಡ ಮದುವೆಯಾದ ವರ್ಷವೇ ಅತ್ತೆಯ ಹಿಂದೆ ಸಾಲಿಗೆ ಇಳಿದಳು. ಹೊನ್ನವ್ವನ ಗುಂಪು ಬಂತೆಂದರೆ ಹೊಲದಲ್ಲಿ ಕಸ ಉಳಿಯುವುದಿಲ್ಲ, ಸಾಲು ಖಾಲಿ ಇರುವುದಿಲ್ಲ ಎಂದು ಸುತ್ತಲಿನ ರೈತರು ಮಳೆಗೆ ಮೊದಲೇ ಬಂದು ಹೇಳಿಹೋಗುತ್ತಿದ್ದರು. ಅವಳಿಗಿದ್ದ ಆಸ್ತಿಯೆಂದರೆ ಮನೆಯ ಹಿಂದಿನ ಅರ್ಧ ಎಕರೆ ಎರೆ ಹೊಲ ಮತ್ತು ಈ ಹೆಸರು.

ಪರಮೇಶಪ್ಪ ಸಾವಕಾರರ ಹತ್ತಿ ಹೊಲ ಊರಿನ ಕೆಳಗಿನ ಇಳಿಜಾರಿನಲ್ಲಿತ್ತು. ಎಷ್ಟೋ ವರ್ಷದಿಂದ ಆ ಹೊಲದ ಕಸ, ಆ ಹೊಲದ ಹತ್ತಿ ಬಿಡಿಸುವ ಕೆಲಸ, ಎರಡೂ ಹೊನ್ನವ್ವನ ಗುಂಪಿನದೇ. ಹಿರಿಯರಾದ ಪರಮೇಶಪ್ಪ ಮೆತ್ತನೆಯ ಮನುಷ್ಯ, ಬದುವಿನ ಮೇಲೆ ಕೂತು ಹೆಂಗಸರ ಜೊತೆ ಎಲೆಅಡಿಕೆ ಹಾಕುವಂಥವರು. ಆದರೆ ಒಕ್ಕಲುತನವನ್ನು ಮಗ ಶಂಭುಲಿಂಗ ಕೈಗೆ ತೆಗೆದುಕೊಂಡಿದ್ದ. ಮಗ ಅಪ್ಪನನ್ನು ಆಳುಗಳ ಎದುರಿಗೇ ಬೈಯುತ್ತಿದ್ದ. ಗೊಬ್ಬರ ಮರೆತದ್ದಕ್ಕೆ, ಮೋಟರು ಬಂದ್ ಮಾಡದ್ದಕ್ಕೆ, ಕೊನೆಗೆ ಕೆಮ್ಮಿದ್ದಕ್ಕೂ. ಅಪ್ಪ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು, ಅಷ್ಟೇ.

ಆ ವರ್ಷ ಹಿರೇಕೆರೂರ ಕಡೆಯಿಂದ ಒಬ್ಬ ಮೋಟರ್ ಸೈಕಲ್ಲಿನ ಮೇಲೆ ಬಂದು ಶಂಭುಲಿಂಗನಿಗೆ ಹೆಸರಿಲ್ಲದ ಚೀಲದ ಬೀಜ ಕೊಟ್ಟುಹೋದ. ಅದಕ್ಕೂ ಮೊದಲು ಶಿಗ್ಗಾಂವಿ ದಾರಿಯ ಒಂದು ಹೊಲಕ್ಕೆ ಅಪ್ಪ-ಮಗ ಇಬ್ಬರನ್ನೂ ಕರೆದೊಯ್ದು ತೋರಿಸಿದ್ದ. ಅವರ ಟ್ರ್ಯಾಕ್ಟರಿನಲ್ಲಿ ಹೊನ್ನವ್ವ, ರೋಶನಬಿಯೂ ಹೋಗಿದ್ದರು. ಕಸ ಪೂರ್ತಿ ಒಣಗಿ ಕಂದಿತ್ತು. ಅದರ ನಡುವೆ ಹತ್ತಿ ಒಂದೆಲೆ ಬಾಡದೆ, ಮದುವೆಗೆ ಬಂದವರ ಹಾಗೆ ನಿಂತಿತ್ತು. ಎರಡಕ್ಕೂ ಒಂದೇ ಎಣ್ಣೆ ಹೊಡೆದಿದ್ದರು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಿಗೆಲ್ಲ ಎಣ್ಣೆ ಎಂದೇ ಹೆಸರು. ಇದು ಕಸದ ಎಣ್ಣೆ.

ಹೊನ್ನವ್ವ ಬಹಳ ಹೊತ್ತು ಆ ಹೊಲದಲ್ಲಿ ಕೂತು ಸತ್ತ ಜೇಕನ್ನು ಕಿತ್ತು ನೋಡಿದಳು. ಎಲೆಗೆ ಬಿದ್ದ ಎಣ್ಣೆ ಬೇರಿನ ತನಕ ಇಳಿದಿತ್ತು. ತಾನು ಅರ್ಧ ಆಯುಷ್ಯ ಬಗೆದು ತೆಗೆದದ್ದನ್ನು ಇದು ಮುಟ್ಟದೆ ಕೊಂದಿತ್ತು. ಕಸ ಯಾವುದು, ಬೆಳೆ ಯಾವುದು ಎಂದು ಈ ಎಣ್ಣೆಗೆ ಗೊತ್ತು ಎಂದುಕೊಂಡಳು. ಪರಮೇಶಪ್ಪನೂ ಹಾಗೇ ಅಂದುಕೊಂಡರು. ಇಬ್ಬರೂ ತಪ್ಪಿದ್ದು ಅಲ್ಲಿಯೇ.

ಎಣ್ಣೆಗೆ ಏನೂ ಗೊತ್ತಿರಲಿಲ್ಲ. ಗಿಡ ಬೆಳೆಯಲು ಬೇಕಾದ ಕೆಲವು ಪದಾರ್ಥಗಳನ್ನು ಮಣ್ಣು ಕೊಡುವುದಿಲ್ಲ. ಗಿಡವೇ ತನ್ನ ಒಡಲಿನಲ್ಲಿ ಮಾಡಿಕೊಳ್ಳಬೇಕು. ಅದಕ್ಕೊಂದು ಬೀಸುಕಲ್ಲು ಇದೆ ಎಂದುಕೊಳ್ಳಿ. ಎಲೆಯಿಂದ ಒಳಗಿಳಿದ ಎಣ್ಣೆ ಕುಡಿಗೂ ಬೇರಿಗೂ ಹರಿದುಹೋಗಿ, ಕಾಳು ಹಾಕುವ ಆ ಕಲ್ಲಿನ ಬಾಯಿಗೆ ಹರಳಿನಂತೆ ಸಿಕ್ಕಿಕೊಳ್ಳುತ್ತದೆ. ಕಲ್ಲು ನಿಲ್ಲುತ್ತದೆ. ಬಿಸಿಲು ಇರುತ್ತದೆ, ನೀರು ಇರುತ್ತದೆ, ಗಿಡ ಮಾತ್ರ ತುಂಬಿದ ಮನೆಯಲ್ಲಿ ಹಸಿದು ಸಾಯುತ್ತದೆ. ಅದೂ ಒಮ್ಮೆಗೇ ಅಲ್ಲ. ಮೊದಲು ಎಳೆಯ ಕುಡಿ ಹಳದಿಯಾಗುತ್ತದೆ, ಆಮೇಲೆ ದಿನಕ್ಕಿಷ್ಟು ಕೆಳಗಿಳಿಯುತ್ತ ಬುಡದ ತನಕ. ಹತ್ತಿಗೂ ಇದೇ ಕಲ್ಲು, ಇದೇ ಸಾವು. ಆ ಹೆಸರಿಲ್ಲದ ಚೀಲದ ಹತ್ತಿಯೊಳಗೆ ಮಾತ್ರ, ಕಣ್ಣಿಗೆ ಕಾಣದ ಮಣ್ಣಿನ ಯಾವುದೋ ಜೀವಿಯಿಂದ ತಂದ ಬೇರೊಂದು ಬೀಸುಕಲ್ಲನ್ನು ಕೂಡಿಸಿದ್ದರು. ಅದರ ಬಾಯಿಯ ಆಕಾರ ಬೇರೆ. ಆ ಹರಳು ಅಲ್ಲಿ ಕೂರುವುದಿಲ್ಲ. ಉಳಿಯುವ ಗುಣ ಇದ್ದದ್ದು ಎಣ್ಣೆಯಲ್ಲಲ್ಲ, ಬೀಜದಲ್ಲಿ. ಆ ಬೀಜಕ್ಕೆ ಸರಕಾರದ ಒಪ್ಪಿಗೆ ಇರಲಿಲ್ಲ. ಮಾರಿದರೂ ಅಪರಾಧ, ಬಿತ್ತಿದರೂ ಅಪರಾಧ. ಅದಕ್ಕೇ ಚೀಲದ ಮೇಲೆ ಹೆಸರಿರಲಿಲ್ಲ.

ಸಾವಕಾರರ ಹೊಲದಲ್ಲಿ ಕಸ ತೆಗೆಯುವ ಕೆಲಸ ಆ ವರ್ಷದಿಂದ ನಿಂತಿತು. ಎಣ್ಣೆ ಹೊಡೆಯುವ ಪಂಪು ರೋಶನಬಿಯ ಗಂಡ ಖಾದರಸಾಬನ ಬೆನ್ನ ಮೇಲೇ ಇತ್ತು. ಅವನು ಹೊರಟಾಗ ರೋಶನಬಿ, ಹೋಗ್ರಿ, ಹೆಂಡ್ತಿ ಹೊಟ್ಟಿ ಮ್ಯಾಲ ಹೊಡದ ಬರ್ರಿ ಎಂದು ಬಾಗಿಲಲ್ಲಿ ನಿಂತು ಕಳಿಸುತ್ತಿದ್ದಳು. ಅವನು ನಗುತ್ತಿದ್ದ, ಅವಳು ನಗುತ್ತಿರಲಿಲ್ಲ.

ಹೊನ್ನವ್ವ ಪರಮೇಶಪ್ಪನ ಅಂಗಳಕ್ಕೆ ಹೋಗಿ ಕೂತಳು. ಕಸ ಹೋದರೆ ಹೋಗಲಿ, ಹತ್ತಿ ಬಿಡಿಸುವ ಕೆಲಸ ಗುಂಪಿಗೆ ಉಳಿಯಬೇಕು ಎಂದಳು. ಒಳಗಿನಿಂದ ಬಂದ ಶಂಭುಲಿಂಗ ಒಂದು ಷರತ್ತು ಹಾಕಿದ. ಬೀಜ ತುಟ್ಟಿ, ಸಿಗುವುದೂ ಕಷ್ಟ. ಹುಟ್ಟದ ಕಡೆಯೆಲ್ಲ ಮತ್ತೆ ಬೀಜ ಊರಿ ಸಾಲು ತುಂಬಿಸಬೇಕು. ಹೊಲದಲ್ಲಿ ಒಂದೂ ಖಾಲಿ ಕಾಣದಿದ್ದರೆ ಬಿಡಿಸುವ ಕೆಲಸ ಅವರದೇ. ಖಾಲಿ ಬಿಡದವಳೆಂದೇ ಹೆಸರಾದವಳಿಗೆ ಅದು ಷರತ್ತು ಅನಿಸಲೂ ಇಲ್ಲ.

ಬಿತ್ತಿದ ಮೇಲೆ ಮಳೆ ಒಂದು ವಾರ ಕೈಕೊಟ್ಟಿತು. ಐದರಲ್ಲಿ ಒಂದು ಬೀಜ ಹುಟ್ಟಲಿಲ್ಲ. ಮೋಡ ಮತ್ತೆ ಕವಿದ ದಿನ ಗುಂಪು ಉಡಿಯಲ್ಲಿ ಬೀಜ ಕಟ್ಟಿಕೊಂಡು ಸಾಲಿಗೆ ಇಳಿಯಿತು. ಸಾವಕಾರರು ಕೊಟ್ಟ ಬೀಜ ಮಧ್ಯಾಹ್ನಕ್ಕೇ ಮುಗಿಯಿತು. ಕೆಳಗಿನ ಸಾಲುಗಳು ಹಲ್ಲುದುರಿದ ಬಾಯಿಯಂತೆ ಉಳಿದವು. ಶಂಭುಲಿಂಗ ಹುಬ್ಬಳ್ಳಿಗೆ ಹೋಗಿದ್ದ. ಹೊನ್ನವ್ವ ಬದುವಿನ ಮೇಲೆ ನಿಂತು ಪರಮೇಶಪ್ಪನಿಗೆ ಫೋನು ಹಚ್ಚಿದಳು. ಅವರು ಹಾನಗಲ್ ಸಂತೆಯ ಗದ್ದಲದಲ್ಲಿದ್ದರು.

"ಬೀಜ ಮುಗದಾವ್ರಿ ಸಾವಕಾರ್ರ. ಕೆಳಗಿನ ಸಾಲು ಇನ್ನೂ ತುಂಬೂದೈತಿ."

"ಆ ಬೀಜ ಈಗ ಎಲ್ಲಿಂದ ತರ್ಲಿ ಬೇ? ಹತ್ತಿಗೆ ಹತ್ತಿ. ನಿಮ್ಮ ಮನ್ಯಾಗ ಇದ್ರ ಹಾಕಿ ಮುಗಸು."

"ನಮ್ಮನ್ಯಾಗಿರೂದು ಅಂಗಡಿ ಬೀಜರಿ."

"ಹಾಕು ಅಂದೆನಲ್ಲ. ಮಳಿ ಬಂದ್ರ ಮುಗೀತು."

ತನ್ನ ಅರ್ಧ ಎಕರೆಗೆಂದು ಸವಣೂರಿನ ಅಂಗಡಿಯಿಂದ ತಂದಿಟ್ಟ ಬೀಜವನ್ನು ಹೊನ್ನವ್ವ ಸುನಿತಾಳಿಂದ ತರಿಸಿದಳು. ನಮ್ಮ ಹೊಲಕ್ಕೆ ಏನು ಮಾಡೋಣ ಎಂದು ಸುನಿತಾ ಕೇಳಿದ್ದಕ್ಕೆ, ಆಮೇಲೆ ನೋಡಿದರಾಯಿತು ಎಂದಳು. ಸಾವಕಾರರ ಬೀಜಕ್ಕೆ ಬಳಿದ ಬಣ್ಣ ಗುಲಾಬಿ, ಅಂಗಡಿ ಬೀಜದ್ದು ನೀಲಿ; ಮಣ್ಣೊಳಗೆ ಬಣ್ಣ ಯಾರು ನೋಡುತ್ತಾರೆ. ಬಗ್ಗಿ, ಬೆರಳಿನಿಂದ ತೂತು ಮಾಡಿ, ಬೀಜ ಇಟ್ಟು, ಮಣ್ಣು ಒತ್ತಿ, ಮುಂದಿನ ಖಾಲಿಗೆ. ಕೊನೆಯ ಸಾಲು ತುಂಬಿದಾಗ ಮೊದಲ ಹನಿ ಅವಳ ಬೆನ್ನಿಗೆ ಬಿತ್ತು. ಒಂದು ವಾರಕ್ಕೆ ಎಲ್ಲವೂ ಎರಡೆರಡು ಎಲೆ ಬಿಟ್ಟು ಒಂದೇ ತಾಯಿಯ ಮಕ್ಕಳಂತೆ ನಿಂತವು. ಶಂಭುಲಿಂಗ ಸಾಲಿನುದ್ದಕ್ಕೂ ನಡೆದುಹೋಗಿ ಬಂದು, ಬಿಡಿಸಾಕ ನೀವ ಬರ್ರಿ ಎಂದ. ಆ ಸಂಜೆ ಗುಂಪಿನ ಹೆಂಗಸರು ಹೊನ್ನವ್ವನ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿಂದು ಎದ್ದರು.

ಕಸ ಗೇಣುದ್ದ ಎದ್ದಾಗ ಖಾದರಸಾಬ ಎಣ್ಣೆ ಹೊಡೆದ. ಮೊದಲ ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಕಸ ಹಳದಿಯಾಯಿತು. ಅದರ ಜೊತೆಗೇ ಕೆಳಗಿನ ಸಾಲುಗಳಲ್ಲಿ ಹತ್ತಿಯ ಕುಡಿಯೂ ಹಳದಿಯಾಯಿತು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಐದಕ್ಕೊಂದು. ಹೊನ್ನವ್ವ ಎಲ್ಲೆಲ್ಲಿ ಬಗ್ಗಿ ಅಂಗಡಿ ಬೀಜ ಊರಿದ್ದಳೋ ಅಲ್ಲಲ್ಲೆಲ್ಲ ಗಿಡ ತಲೆಬಾಗಿ ಸಾಯುತ್ತಿತ್ತು.

ಸುದ್ದಿ ಬಂದಾಗ ಗುಂಪು ಪಕ್ಕದವರ ಮೆಣಸಿನ ಹೊಲದಲ್ಲಿತ್ತು. ಶಂಭುಲಿಂಗ ಕರೆದ ಎಂದು ಹೊನ್ನವ್ವ ಕುರಪಿ ಹಿಡಿದುಕೊಂಡೇ ಬದು ದಾಟಿ ಬಂದಳು. ಹಿಂದೆ ರೋಶನಬಿ, ಸುನಿತಾ. ಹೊಲದೊಳಗೆ ಖಾದರಸಾಬ ಉಳಿದ ಕಸಕ್ಕೆ ಎಣ್ಣೆ ಹೊಡೆಯುತ್ತಿದ್ದವನು ನಿಂತುಬಿಟ್ಟಿದ್ದ. ಪರಮೇಶಪ್ಪ ಬದುವಿನ ಬನ್ನಿಗಿಡದ ಕೆಳಗೆ. ಶಂಭುಲಿಂಗನ ಕೈಯಲ್ಲಿ ಕಿತ್ತ ಹತ್ತಿ ಗಿಡಗಳ ಕಟ್ಟು ಇತ್ತು. ಅದನ್ನು ಹೊನ್ನವ್ವನ ಎದೆಗೆ ಎಸೆದ.

"ಏನ ಹಾಕೀಯಬೇ ನನ್ನ ಹೊಲಕ್ಕ?"

ಬೀಜ ಸಾಲದೆ ಹೋದದ್ದನ್ನು, ತನ್ನ ಮನೆಯ ಬೀಜ ತಂದು ಹಾಕಿದ್ದನ್ನು ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಹೇಳುತ್ತಿದ್ದ ಹಾಗೆಯೇ, ಸಾಯುತ್ತಿದ್ದ ಗಿಡಗಳನ್ನು ನೋಡುತ್ತಿದ್ದ ಹಾಗೆಯೇ, ಗುಣ ಎಣ್ಣೆಯದಲ್ಲ ಬೀಜದ್ದು ಎಂಬುದು ಅವಳಿಗೆ ಹೊಳೆಯಿತು. ಮಾತು ಅರ್ಧಕ್ಕೆ ನಿಂತಿತು. ಅವನು ಅದನ್ನು ತಪ್ಪೊಪ್ಪಿಗೆ ಎಂದುಕೊಂಡ.

"ಕಸಾ ತಗಿಯೂ ಕೆಲಸ ಹೋತಂತ ಹೊಟ್ಟಿಕಿಚ್ಚು ನಿನಗ. ಬೇಕಂತ ಸಾಯೂ ಬೀಜ ಹಾಕೀದಿ."

"ನಿಮ್ಮಪ್ಪ ಹಾಕು ಅಂದ್ರು, ಹಾಕೇನಿ. ಅಲ್ಲೇ ನಿಂತಾರ, ಕೇಳು."

ಎಲ್ಲರೂ ಬನ್ನಿಗಿಡದ ಕಡೆ ತಿರುಗಿದರು. ಪರಮೇಶಪ್ಪ ಮಗನ ಮುಖ ನೋಡಿದರು, ಆಮೇಲೆ ತಮ್ಮ ಕಾಲಿನ ಚಪ್ಪಲಿ ನೋಡಿದರು.

"ನಾ ಎಲ್ಲಿ ಹೇಳೇನಿ," ಎಂದರು. "ಏನೇನರ ಮಾತಾಡಬ್ಯಾಡ ಹೊನ್ನವ್ವ."

ಅವಳಿಗೆ ಒಂದು ಕ್ಷಣ ಕಿವಿಯಲ್ಲಿ ಬಳೆಯ ಸದ್ದು ಕೇಳಿಸಿತು. ಮೂಗಿನೊಳಗೆ ಕೆಸರು ಬಂದಂತಾಯಿತು. ಅಷ್ಟರಲ್ಲಿ ಶಂಭುಲಿಂಗ ಖಾದರಸಾಬನ ಕೈಯಿಂದ ಪಂಪಿನ ಕೋಲು ಕಿತ್ತುಕೊಂಡಿದ್ದ.

"ನೀ ಯಾವ ಬೀಜದಾಕಿ ಅಂತ ಇವತ್ತ ನೋಡೇಬಿಡೂನು," ಎಂದು ಅದರ ಮೂತಿಯನ್ನು ಅವಳ ಮುಖಕ್ಕೆ ಹಿಡಿದು ಒತ್ತಿದ.

ಕಣ್ಣಿಗೆ, ತೆರೆದ ಬಾಯಿಗೆ, ಕತ್ತಿಗೆ, ರವಿಕೆಯೊಳಗೆ ಎಣ್ಣೆ ಹನಿಹನಿಯಾಗಿ ಬಿತ್ತು. ಹೊಲಕ್ಕೆ ಹೊಡೆಯುವಂತೆಯೇ, ಮೇಲಿನಿಂದ ಕೆಳಗೆ, ಮತ್ತೆ ಮೇಲಕ್ಕೆ. ಸುನಿತಾ ಅಡ್ಡ ಬಂದಳು. ಅವನು ಅವಳ ಹೊಟ್ಟೆಗೆ ಒದ್ದ. ಅವಳು ಸತ್ತ ಕಸದ ಮೇಲೆ ಮುದುಡಿ ಬಿದ್ದಳು. ಬೆನ್ನಿಗೆ ಪಂಪು ಕಟ್ಟಿಕೊಂಡಿದ್ದ ಖಾದರಸಾಬ ಹಿಂದಕ್ಕೆ ಜಗ್ಗಿದರೆ ನಳಿಗೆಯ ಜೊತೆ ಶಂಭುಲಿಂಗನೂ ಮುಂದೆ ಬಂದ, ಕೋಲು ಬಿಡಲಿಲ್ಲ. ಹೊನ್ನವ್ವನ ಕಣ್ಣಿನೊಳಗೆ ಬೆಂಕಿಯ ಹೊರತು ಏನೂ ಇರಲಿಲ್ಲ. ಸೊಸೆ ನರಳುವುದು ಕೇಳಿಸಿತು, ಎಣ್ಣೆ ಸಿಡಿಯುವ ಸದ್ದು ಕೇಳಿಸಿತು. ಆ ಸದ್ದಿನ ಬುಡಕ್ಕೆ ಅವಳ ಕೈ ತಾನಾಗಿ ಹೋಯಿತು. ಓರೆಯಾಗಿ, ಒಂದೇ ಏಟು, ಜೇಕಿನ ಗಡ್ಡೆಗೆ ಹೊಡೆಯುವಂತೆ.

ಕೋಲು ಕೆಳಗೆ ಬಿತ್ತು. ಅದರ ಜೊತೆಗೆ ಶಂಭುಲಿಂಗನ ಬಲಗೈಯ ಎರಡು ಬೆರಳು ಬಿದ್ದವು.

ಅವನು ಕೂಗಲಿಲ್ಲ. ಕೈ ಎತ್ತಿ ನೋಡಿದ, ಅರ್ಥವಾಗದವನಂತೆ. ರಕ್ತ ಮೊಣಕೈ ತನಕ ಇಳಿದು ಹಳದಿಯಾದ ಹತ್ತಿಯ ಮೇಲೆ ಸುರಿಯಿತು. ಆಮೇಲೆ ಮಂಡಿಯೂರಿ ಎಡಗೈಯಿಂದ ಮಣ್ಣು ಕೆದಕುತ್ತ ಬೆರಳು ಹುಡುಕತೊಡಗಿದ. ಪರಮೇಶಪ್ಪ ಓಡಿಬಂದು ಹೆಗಲ ವಲ್ಲಿಯನ್ನು ಮಗನ ಕೈಗೆ ಸುತ್ತಿದರು. ರಕ್ತಕ್ಕೆ ಜಾರಿ ಗಂಟು ಬೀಳಲಿಲ್ಲ. ರೋಶನಬಿ ಕುಡಿಯುವ ನೀರಿನ ಕೊಡ ತಂದು ಹೊನ್ನವ್ವನ ತಲೆ ಹಿಂದಕ್ಕೆ ಬಾಗಿಸಿ, ರೆಪ್ಪೆ ಬಿಡಿಸಿ ಬಿಡಿಸಿ ಪೂರಾ ಕೊಡ ಸುರಿದಳು. ಸುರಿಯುತ್ತ ಸಾವಕಾರರ ಮನೆಯ ಏಳು ತಲೆಮಾರನ್ನು ಬೈದಳು. ಕುರಪಿ ಹೊನ್ನವ್ವನ ಮುಷ್ಟಿಯಲ್ಲೇ ಇತ್ತು. ಬಿಡಿಸಿಕೊಳ್ಳಲು ಯಾರಿಗೂ ಧೈರ್ಯವಾಗಲಿಲ್ಲ.

ಅಲ್ಲಿ ಮೊದಲು ತಿಳಿಯಾಗಿ ಮಾತಾಡಿದವರು ಪರಮೇಶಪ್ಪ. ಪೊಲೀಸರು ಬಂದರೆ ಮೊದಲು ಕೇಳುವುದು ಬೀಜ ಯಾವುದು ಅಂತ ಎಂದರು. ಅಷ್ಟು ಸಾಕಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಶಂಭುಲಿಂಗನ ಬೆರಳು ಮೇವು ಕತ್ತರಿಸುವ ಮಶೀನಿಗೆ ಸಿಕ್ಕವು. ಸವಣೂರಿನ ದವಾಖಾನೆಯಲ್ಲಿ ಹೊನ್ನವ್ವನ ಕಣ್ಣಿಗೆ ಸುಣ್ಣ ಬಿತ್ತು, ಸುನಿತಾ ಮೆಟ್ಟಿಲ ಮೇಲಿಂದ ಜಾರಿದಳು. ಒಂದು ಬೆಳಗಿನ ಅಷ್ಟೂ ರಕ್ತ ಮೂರು ಸುಳ್ಳಿನ ಕೆಳಗೆ ಮುಚ್ಚಿಹೋಯಿತು.

ಕಣ್ಣಿಗೆ ಹನಿ ಹಾಕಿಸಿಕೊಂಡು ಮನೆಗೆ ಬಂದಮೇಲೆ ಹೊನ್ನವ್ವನಿಗೆ ನಿಜವಾದ ಹೆದರಿಕೆ ಶುರುವಾಯಿತು. ಈ ಎಣ್ಣೆ ಒಮ್ಮೆಗೇ ಕೊಲ್ಲುವುದಿಲ್ಲ, ಅವಳು ನೋಡಿದ್ದಳು. ಮೊದಲ ಕೆಲವು ದಿನ ಕಸ ನಗುತ್ತ ನಿಂತಿರುತ್ತದೆ. ಅವಳು ದಿನಾ ಮುಂಜಾನೆ ಅಂಗಳದ ಬೆಳಕಿಗೆ ಬಂದು ಕೈಬೆರಳಿನ ತುದಿ ನೋಡಿಕೊಂಡಳು, ಉಗುರು ನೋಡಿಕೊಂಡಳು, ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡಳು. ಕುಡಿಯಿಂದ ಬುಡಕ್ಕೆ ಇಳಿಯುವುದಾದರೆ ಮನುಷ್ಯರ ಕುಡಿ ಯಾವುದು, ತಲೆಯೋ ಬೆರಳೋ? ಒಂದು ದಿನ ಅಂಗೈ ಹಳದಿ ಕಂಡು ನೀಲಪ್ಪನನ್ನು ಕೂಗಿದಳು. ಸಾರಿಗೆ ಹಾಕಿದ ಅರಿಷಿಣ ಅದು. ನೀಲಪ್ಪ ಎಮ್ಮೆಯ ಹಗ್ಗ ಕೈಯಲ್ಲೇ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ.

"ಹಳದಿ ಆಗಾಕ ನೀ ಏನ ಕಸ ಏನು?" ಎಂದ.

"ಯಾರಿಗ್ಗೊತ್ತು," ಎಂದಳು ಹೊನ್ನವ್ವ. "ಅವರಿಗೆ ಹಂಗ ಕಂಡೇನಿ."

ನೀಲಪ್ಪ ಹಗ್ಗ ಕೆಳಗಿಟ್ಟ. ಅವಳ ಅಂಗೈಯನ್ನು ತನ್ನ ಧೋತರದ ತುದಿಯಿಂದ ಒರೆಸಿದ. ಎಣ್ಣೆ ನಿಲ್ಲಿಸುವ ಆ ಬೀಸುಕಲ್ಲು ಮನುಷ್ಯರ ಒಡಲಲ್ಲಿ ಇರುವುದೇ ಇಲ್ಲ. ಕಣ್ಣು ಸುಟ್ಟದ್ದು ಎಲೆಗೆ ಅಂಟಲೆಂದು ಎಣ್ಣೆಗೆ ಬೆರೆಸುವ ಸಾಬೂನಿನಂಥ ಪದಾರ್ಥ. ಉಳಿದದ್ದರ ಬಗ್ಗೆ ತಿಳಿದವರು ಇನ್ನೂ ವಾದ ಮಾಡುತ್ತಿದ್ದಾರೆ. ಇದನ್ನು ಆ ಮನೆಗೆ ಬಂದು ಹೇಳುವವರು ಯಾರೂ ಇರಲಿಲ್ಲ. ಹಳದಿಯಾಗದೆ ಎರಡು ವಾರ ಕಳೆದ ಮೇಲೆ, ತಾನು ಸಾಯುವುದಿಲ್ಲ ಎಂದು ಅವಳೇ ತೀರ್ಮಾನಿಸಿದಳು.

ಸತ್ತದ್ದು ಬೇರೆ. ಬೆರಳು ಕತ್ತರಿಸಿದ ಸುದ್ದಿ ಊರಿನಲ್ಲಿ ಮುಚ್ಚಿಹೋದರೂ ಬೀಜದ ಸುದ್ದಿ ಹೊರಬಿತ್ತು. ಹೊನ್ನವ್ವ ಹೊಟ್ಟೆಕಿಚ್ಚಿಗೆ ಸಾವಕಾರರ ಸಾಲಿಗೆ ಸಾಯುವ ಬೀಜ ಹಾಕಿದಳು, ಆ ಗುಂಪನ್ನು ಹೊಲಕ್ಕೆ ಇಳಿಸಬಾರದು ಎಂಬ ಮಾತು ಹಬ್ಬಿತು. ಮೆಣಸಿನ ಹೊಲದವರು ಮುಖ ತಿರುಗಿಸಿದರು. ಶೇಂಗಾ ಹೊಲದವರು ಆಳು ಸಾಕು ಎಂದರು. ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದರು. ಹೋಗುವವರು ಅವಳ ಮನೆಯ ಮುಂದಿನ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದರು. ಅದು ಅವಳಿಗೆ ಕಣ್ಣಿನ ಉರಿಗಿಂತ ಹೆಚ್ಚು ಉರಿಯಿತು. ಕೊನೆಗೆ ಉಳಿದವರು ರೋಶನಬಿ, ಸುನಿತಾ ಮತ್ತು ಇನ್ನು ಕೆಲವರು. ಹಾಕು ಎಂದದ್ದು ನಾನು ಎಂಬ ಆ ಒಂದು ಮಾತು ಸಾವಕಾರರ ಬಾಯಿಂದ ಬಾರದ ಹೊರತು ಮತ್ತೆ ಯಾವ ಹೊಲದ ಬಾಗಿಲೂ ತೆರೆಯುವುದಿಲ್ಲ ಎಂಬುದು ಹೊನ್ನವ್ವನಿಗೆ ತಿಳಿದಿತ್ತು.

ಹತ್ತಿಯ ಕಾಯಿ ಒಡೆದು ಹೊಲ ಬೆಳ್ಳಗಾದಾಗ ಸಾವಕಾರರು ತಡಸದಿಂದ ಟೆಂಪೋದಲ್ಲಿ ಹೆಂಗಸರನ್ನು ಕರೆಸಿದರು. ಅವರು ಸಾಲಿಗೆ ಇಳಿದ ಹೊತ್ತಿಗೆ ಹೊನ್ನವ್ವ ಬದು ಹತ್ತಿ ಬಂದಳು. ಗುಂಪಿನಲ್ಲಿ ಉಳಿದವರೆಲ್ಲ ಅವಳ ಹಿಂದೆ ಬಂದರು. ಅವಳ ಸೊಂಟದಲ್ಲಿ ಕುರಪಿ ಇತ್ತು. ಅದನ್ನು ಕಂಡು ಶಂಭುಲಿಂಗ ಹತ್ತಿ ತೂಗುವ ಉದ್ದನೆಯ ಕೋಲನ್ನು ಎಡಗೈಯಿಂದ ಎಳೆದುಕೊಂಡ. ತಡಸದ ಹೆಂಗಸರು ಬಿಡಿಸುವುದು ನಿಲ್ಲಿಸಿ ಉಡಿ ಹಿಡಿದುಕೊಂಡು ನಿಂತರು.

ಹೊನ್ನವ್ವ ಅವನ ಕಡೆ ನೋಡಲೂ ಇಲ್ಲ. ಬನ್ನಿಗಿಡದ ಕೆಳಗೆ ಚೀಲ ಬಿಡಿಸುತ್ತಿದ್ದ ಪರಮೇಶಪ್ಪನ ಮುಂದೆ ಹೋಗಿ ನಿಂತಳು. ಗಾಳಿಗೆ ಅವಳ ಎಡಗಣ್ಣು ನೀರು ಸುರಿಸುತ್ತಿತ್ತು. ಅದು ಆಗಿನಿಂದ ಹಾಗೇ.

"ಕೆಲಸ ಕೇಳಾಕ ಬಂದಿಲ್ರಿ ನಾ. ಅವತ್ತ ಫೋನಿನ್ಯಾಗ ಏನಂದ್ರಿ, ಇವರ ಮುಂದ ಹೇಳ್ರಿ."

ಪರಮೇಶಪ್ಪ ಈ ಮೂರು ತಿಂಗಳಲ್ಲಿ ಸಣ್ಣಗಾಗಿದ್ದರು. ದಿನಾ ಮುಂಜಾನೆ ಮಗನ ಅಂಗಿಯ ಗುಂಡಿ ಹಾಕುವವರು ಅವರೇ. ಮೂರು ಬೆರಳಿಗೆ ಇನ್ನೂ ಗುಂಡಿ ಹಾಕುವುದು ರೂಢಿಯಾಗಿರಲಿಲ್ಲ. ಗುಂಡಿ ಹಾಕುವಾಗಲೆಲ್ಲ ಎದುರಿಗೆ ಆ ಕೈ. ತಾವು ಹೌದು ಎಂದಿದ್ದರೆ ಎಣ್ಣೆ ಹಾರುತ್ತಿರಲಿಲ್ಲ, ಕುರಪಿ ಏಳುತ್ತಿರಲಿಲ್ಲ. ಇದನ್ನು ಅವರು ದಿನಕ್ಕೊಂದು ಸಲ ನುಂಗುತ್ತ ಬಂದಿದ್ದರು. ಚೀಲ ಕೈಯಿಂದ ಜಾರಿತು.

"ನಾನ ಹೇಳಿದ್ದೆ," ಎಂದರು. ಧ್ವನಿ ಪಕ್ಕದವರಿಗೂ ಕೇಳಿಸುವಂತಿರಲಿಲ್ಲ. ಆದರೆ ಶಂಭುಲಿಂಗನಿಗೆ ಕೇಳಿಸಿತು.

ಅವನು ಮೊದಲು ನಕ್ಕ. ಆಮೇಲೆ ತನ್ನ ಬಲಗೈ ಎತ್ತಿ ನೋಡಿದ. ಆಮೇಲೆ ಕೋಲು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಬೆನ್ನಿಗೆ ಹೊಡೆದ. ಹಸಿಕಟ್ಟಿಗೆ ಮುರಿದಂಥ ಸದ್ದಾಯಿತು. ಟೊಪ್ಪಿಗೆ ಹಾರಿಬಿತ್ತು, ಮುದುಕ ಹತ್ತಿಯ ರಾಶಿಗೆ ಮುಖವೂರಿ ಬಿದ್ದ. ಕೋಲು ಮತ್ತೆ ಮೇಲೆ ಹೋಯಿತು, ಈ ಸಲ ತಲೆಯ ನೇರಕ್ಕೆ.

ಅದು ಕೆಳಗೆ ಬರುವಾಗ ಹೊನ್ನವ್ವನ ಕೈಗೆ ಸಿಕ್ಕಿತು. ಮೂರು ಬೆರಳಿನ ಹಿಡಿತ, ಬಿಡಿಸಿಕೊಳ್ಳಲು ಕಷ್ಟವಾಗಲಿಲ್ಲ. ಈಗ ಕೋಲು ಅವಳ ಕೈಯಲ್ಲಿ, ಎದುರಿಗೆ ಶಂಭುಲಿಂಗ. ಅಷ್ಟು ಹತ್ತಿರದಿಂದ ಅವನ ಬೆರಳಿನ ಮೊಂಡುಗಳನ್ನು ಅವಳು ಮೊದಲ ಸಲ ನೋಡಿದಳು. ತೊಗಲು ಎಳೆಯದಾಗಿ, ಗುಲಾಬಿಯಾಗಿ ಕೂಡಿಕೊಂಡಿತ್ತು. ಹೊಡೆಯುತ್ತಾಳೆ ಎಂದು ಅವನು ಆ ಕೈಯನ್ನೇ ಮುಖಕ್ಕೆ ಅಡ್ಡ ಹಿಡಿದ. ತಡಸದ ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡಳು.

"ತಡಿ," ಎಂದಳು ಹೊನ್ನವ್ವ. "ಅವರು ಇನ್ನ ಪೂರ್ತಿ ಹೇಳಿಲ್ಲ."

ಕೋಲನ್ನು ಬದುವಿನ ಆಚೆ ಎಸೆದಳು. ಪರಮೇಶಪ್ಪನ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿದಳು. ಗಡ್ಡಕ್ಕೆ ಹತ್ತಿ ಅಂಟಿತ್ತು, ತುಟಿಯಿಂದ ರಕ್ತ ಇಳಿದು ಹತ್ತಿ ಕೆಂಪಾಗಿತ್ತು.

"ಹೇಳ್ರಿ. ತಡಸದವರಿಗೂ ಕೇಳಸೂ ಹಂಗ ಹೇಳ್ರಿ."

ಅವರು ಹೇಳಿದರು. ಬೀಜ ಮುಗಿದಿತ್ತು, ಅಂಗಡಿಯ ಬೀಜ ಎಂದು ಅವಳು ಬಿಡಿಸಿ ತಿಳಿಸಿದ್ದಳು, ಹಾಕು ಎಂದದ್ದು ತಾನು, ಹಾಕಿದ್ದು ಅವಳ ಮನೆಯ ಬೀಜ, ಅದಕ್ಕೆ ಅವಳು ಏನೂ ಕೇಳಲಿಲ್ಲ, ಮಗನಿಗೆ ಹೆದರಿ ಸುಳ್ಳಾಡಿದ್ದೂ ತಾನೇ. ಉಸಿರು ಹಿಡಿದು ಹಿಡಿದು, ಒಂದೊಂದಾಗಿ, ಕೊನೆಗೆ ಕೂಗಿಯೇ ಹೇಳಿದರು. ಪಕ್ಕದ ಮೆಣಸಿನ ಹೊಲದ ಆಳುಗಳು ಎದ್ದು ನಿಂತು ಕೇಳಿದರು. ಶಂಭುಲಿಂಗ ಸಾಲಿನ ನಡುವೆ ಕುಸಿದು ಕೂತು, ಮೊಂಡು ಬೆರಳುಗಳನ್ನು ಎಡ ಕಂಕುಳಲ್ಲಿ ಅವಿತಿಟ್ಟುಕೊಂಡ. ಅವನ ಹತ್ತಿರ ಯಾರೂ ಹೋಗಲಿಲ್ಲ.

ನಾಳೆಯಿಂದ ಬಿಡಿಸಲು ನಿಮ್ಮ ಗುಂಪೇ ಬರಲಿ ಎಂದು ಪರಮೇಶಪ್ಪ ತುಟಿ ಒರೆಸಿಕೊಳ್ಳುತ್ತ ಹೇಳಿದಾಗ, ತಡಸದವರ ಮುಖ ಸಣ್ಣದಾಯಿತು. ಹೊನ್ನವ್ವ ಅವರ ಕಡೆ ತಿರುಗಿ, ಮೇಲಿನ ಅರ್ಧ ನೀವು ಬಿಡಿಸಿ, ಕೆಳಗಿನ ಅರ್ಧ ನಾವು ಎಂದಳು. ಕೆಳಗಿನ ಅರ್ಧದಲ್ಲಿ ಹತ್ತಿ ಕಡಿಮೆ ಎಂದು ರೋಶನಬಿ ಗೊಣಗಿದಳು.

"ಗೊತ್ತೈತಿ," ಎಂದಳು ಹೊನ್ನವ್ವ. "ತುಂಬಿದಾಕಿ ನಾನ."

ಉಡಿ ಕಟ್ಟಿಕೊಂಡು ಅವಳು ಸಾಲಿಗೆ ಇಳಿದಳು. ಬೆಳ್ಳಗೆ ಒಡೆದ ಕಾಯಿಗಳನ್ನು ಎರಡೂ ಕೈಯಿಂದ ಬಿಡಿಸುತ್ತ ನಾಲ್ಕು ಹೆಜ್ಜೆ ಹೋದಮೇಲೆ ಅವಳ ಕಾಲು ತಾನಾಗಿ ನಿಂತಿತು. ಅಲ್ಲಿ ಗಿಡ ಇರಲಿಲ್ಲ. ಅವಳ ಬೆರಳಿನ ಗುರುತು ಯಾವತ್ತೋ ಅಳಿಸಿಹೋಗಿತ್ತು. ಆ ಖಾಲಿಯ ನಡುವೆ, ಎಣ್ಣೆ ಮೇಲಿನದನ್ನು ಕೊಂದರೂ ಮಣ್ಣೊಳಗೆ ಉಳಿದ ಗಡ್ಡೆಯಿಂದ, ಜೇಕು ಹೊಸದಾಗಿ ಎದ್ದು ಹಸಿರಾಗಿ ನಿಂತಿತ್ತು.

ಹೊನ್ನವ್ವ ಸೊಂಟದಿಂದ ಕುರಪಿ ತೆಗೆದಳು. ಎಡಗಣ್ಣಿನ ನೀರನ್ನು ಹೆಗಲಿಗೆ ಒರೆಸಿಕೊಂಡು, ಓರೆಯಾಗಿ, ಬುಡಕ್ಕೆ ಹೊಡೆದಳು.